ತೊಟ್ಟು ನೋಡಿದ ಮೇಲೆ

ಈ ವಾರ ನನ್ನ ಎರಡು ಕಿವಿಯಲ್ಲಿ ಎರಡು ಬಗೆಯ ಓಲೆ ಇದೆ. ದೂರದಿಂದ ನೋಡಿದರೆ ಜೋಡಿಯೇ. ಒಂದೇ ಉದ್ದ, ಒಂದೇ ನೀಲಿ ಮಣಿ, ಒಂದೇ ಬೆಳ್ಳಿ ತಂತಿ. ವ್ಯತ್ಯಾಸ ಇರುವುದು ಕೊಕ್ಕೆಯಲ್ಲಿ. ಎಡಗಿವಿಯ ಕೊಕ್ಕೆಯನ್ನು ಬಗ್ಗಿಸಿದ ಮೇಲೆ ಸುತ್ತಿಗೆಯಿಂದ ಹಗುರವಾಗಿ ತಟ್ಟಿದ್ದೇನೆ. ಬಲಗಿವಿಯದನ್ನು ತಟ್ಟಿಲ್ಲ. ಇವತ್ತು ಐದನೇ ದಿನ. ಬಲಗಿವಿಯ ಕೊಕ್ಕೆ ಆಗಲೇ ಸ್ವಲ್ಪ ಬಾಯಿ ತೆರೆದಿದೆ.

ಓಲೆ ಮಾಡುವುದು ನನ್ನ ಹವ್ಯಾಸ, ಕೆಲಸ ಲ್ಯಾಬಿನಲ್ಲಿ. ರಕ್ತ ತೆಗೆಯುವುದು, ಟ್ಯೂಬಿಗೆ ಚೀಟಿ ಅಂಟಿಸುವುದು, ಸ್ಲೈಡ್ ನೋಡುವುದು. ಉದ್ದಕ್ಕೆ ಜೋಲುವ ಒಡವೆ ಅಲ್ಲಿ ಹಾಕುವಂತಿಲ್ಲ, ಆದ್ದರಿಂದ ಪರೀಕ್ಷೆಗೆ ಚಿಕ್ಕ ಓಲೆಗಳೇ. ದಿನಕ್ಕೆ ಎಷ್ಟೋ ಸಲ ಮಾಸ್ಕ್ ಹಾಕಿ ತೆಗೆಯುತ್ತೇನೆ. ಮಾಸ್ಕಿನ ಎಲಾಸ್ಟಿಕ್ ಓಲೆಗೆ ಸಿಕ್ಕಿಕೊಂಡು ಎಳೆಯುವಷ್ಟು ಜೋರಾಗಿ ಬೇರೆ ಯಾವುದೂ ಎಳೆಯುವುದಿಲ್ಲ. ಮನೆಗೆ ಬಂದರೆ ಟವೆಲ್, ಬಾಚಣಿಗೆ, ಫೋನ್, ರಾತ್ರಿ ದಿಂಬು. ಇಷ್ಟನ್ನೂ ಏಳು ದಿನ ತಡೆದುಕೊಂಡ ಓಲೆಯ ಮಾದರಿಯನ್ನು ಮಾತ್ರ ಇನ್ನೊಬ್ಬರಿಗೆ ಮಾಡಿ ಕೊಡುತ್ತೇನೆ. ನಾನು ತೊಟ್ಟಿದ್ದನ್ನೇ ಕೊಡುವುದಿಲ್ಲ. ಅದು ದಿನಾಂಕದ ಚೀಟಿ ಹೊತ್ತು ನನ್ನ ಡಬ್ಬಿಯಲ್ಲೇ ಉಳಿಯುತ್ತದೆ. ಅದೇ ಅಳತೆಯಲ್ಲಿ ಹೊಸದು ಮಾಡುತ್ತೇನೆ.

ಈ ನಿಯಮ ಮೊದಲಿನಿಂದ ಇರಲಿಲ್ಲ. ನನ್ನದೊಂದು ತಪ್ಪಿನಿಂದ ಬಂತು. ಅದನ್ನು ಹೇಳುವ ಮುಂಚೆ ನನ್ನ ಮೇಜಿನ ಬಗ್ಗೆ ಸ್ವಲ್ಪ ಹೇಳುತ್ತೇನೆ.

ಮೇಜು ಅಂದರೆ ಮಲಗುವ ಕೋಣೆಯ ಕಿಟಕಿ ಪಕ್ಕದ ಒಂದು ಚಿಕ್ಕ ಬರೆಯುವ ಮೇಜು, ಅಷ್ಟೇ. ಮೇಲೆ ಒಂದು ತಟ್ಟೆ, ತಟ್ಟೆಯೊಳಗೆ ಹಳೆಯ ಟವೆಲಿನ ತುಂಡು. ಮಣಿ ಉರುಳಬಾರದು ಅಂತ ಹಾಸಿದ್ದು. ಮೂರು ಇಕ್ಕಳ: ಒಂದು ದುಂಡು ಮೂತಿಯದು, ಒಂದು ಚಪ್ಪಟೆ ಮೂತಿಯದು, ಒಂದು ತಂತಿ ಕತ್ತರಿಸುವುದು. ಒಂದು ಸಣ್ಣ ಅರ. ಅಂಗೈಯಗಲದ ಒಂದು ಉಕ್ಕಿನ ಬಿಲ್ಲೆ, ತಟ್ಟುವುದಕ್ಕೆ. ಒಂದು ವರ್ನಿಯರ್, ಅಂದರೆ ಮಿಲಿಮೀಟರಿಗಿಂತ ಚಿಕ್ಕದನ್ನೂ ಅಳೆಯುವ ಅಳತೆಪಟ್ಟಿ. ಒಂದು ಭೂತಗನ್ನಡಿ. ರಾತ್ರಿ ಒಂಬತ್ತಕ್ಕೆ ಕೂತರೆ ಹತ್ತೂವರೆಗೆ ಏಳುತ್ತೇನೆ. ಅದಕ್ಕಿಂತ ಜಾಸ್ತಿ ಹೊತ್ತು ಕೂತರೆ ಕಣ್ಣು ಸುಳ್ಳು ಹೇಳಲು ಶುರು ಮಾಡುತ್ತದೆ. ಸೊಟ್ಟಗಿದ್ದದ್ದು ನೆಟ್ಟಗೆ ಕಾಣುತ್ತದೆ.

ಎಲ್ಲಕ್ಕೂ ಚೀಟಿ ಅಂಟಿಸುವುದು ಲ್ಯಾಬಿನಿಂದ ಬಂದ ಅಭ್ಯಾಸ. ಮಣಿಗಳು ಮುಚ್ಚಳದ ಗಾಜಿನ ಟ್ಯೂಬುಗಳಲ್ಲಿವೆ, ಪ್ರತಿಯೊಂದರ ಮೇಲೆ ಅಳತೆ ಮತ್ತು ತಂದ ದಿನ. ಒಂದು ನೋಟ್‌ಬುಕ್ ಇದೆ. ಯಾವ ತಂತಿ, ಎಷ್ಟು ಉದ್ದ ಕತ್ತರಿಸಿದೆ, ಇಕ್ಕಳದ ಯಾವ ಜಾಗದಲ್ಲಿ ಸುತ್ತಿದೆ, ಏನು ಕೆಟ್ಟಿತು, ಎಲ್ಲವನ್ನೂ ಬರೆಯುತ್ತೇನೆ. ಚೆನ್ನಾಗಿ ಬಂದದ್ದಕ್ಕಿಂತ ಕೆಟ್ಟದ್ದನ್ನೇ ಜಾಸ್ತಿ ಬರೆದಿದ್ದೇನೆ. ಚೆನ್ನಾಗಿ ಬಂದದ್ದು ಕಣ್ಣೆದುರೇ ಇರುತ್ತದೆ. ಕೆಟ್ಟದ್ದು ಹೇಗೆ ಕೆಟ್ಟಿತು ಅನ್ನುವುದು ಎರಡೇ ದಿನದಲ್ಲಿ ಮರೆತುಹೋಗುತ್ತದೆ.

ಆ ನೋಟ್‌ಬುಕ್ಕಿನ ಮೊದಲ ನಲವತ್ತು ಪುಟ ಬರೀ ಕುಣಿಕೆಯ ಬಗ್ಗೆ.

ಒಡವೆ ಮಾಡದವರಿಗೆ ಕುಣಿಕೆ ಕಾಣುವುದೇ ಇಲ್ಲ. ಅವರು ಮಣಿ ನೋಡುತ್ತಾರೆ, ಬಣ್ಣ ನೋಡುತ್ತಾರೆ. ಮಣಿಯ ನೆತ್ತಿಯ ಮೇಲೆ ತಂತಿ ಸುತ್ತಿಕೊಂಡಿರುತ್ತದಲ್ವಾ, ಕೊಕ್ಕೆಗೆ ನೇತು ಹಾಕುವ ಆ ಪುಟ್ಟ ವೃತ್ತ, ಅದೇ ಕುಣಿಕೆ. ಹೆಡ್ ಪಿನ್ನಿಗೆ, ಅಂದರೆ ಒಂದು ತುದಿಯಲ್ಲಿ ತಲೆಯಿರುವ ತಂತಿಗೆ, ಮಣಿ ಪೋಣಿಸಬೇಕು. ಮೇಲೆ ಉಳಿದ ತಂತಿಯನ್ನು ಮಣಿಗೆ ಒತ್ತಿ 90 ಡಿಗ್ರಿಗೆ ಬಗ್ಗಿಸಬೇಕು. ಸುಮಾರು 9 ಮಿಲಿಮೀಟರ್ ಬಿಟ್ಟು ಕತ್ತರಿಸಬೇಕು. ಆಮೇಲೆ ದುಂಡು ಮೂತಿಯ ಇಕ್ಕಳದಲ್ಲಿ ತುದಿಯನ್ನು ಹಿಡಿದು, ಮಣಿಕಟ್ಟನ್ನು ನಮ್ಮಿಂದ ಆಚೆಗೆ ತಿರುಗಿಸಬೇಕು. ಹೇಳುವುದಕ್ಕೆ ಇಷ್ಟೇ.

9 ಮಿಲಿಮೀಟರ್ ಯಾಕೆ ಅಂತ ನನಗೆ ಹೊಳೆಯಲು ತಿಂಗಳುಗಳೇ ಹಿಡಿದವು. ಅಂದಾಜಿನಲ್ಲಿ ಕತ್ತರಿಸುತ್ತಿದ್ದೆ. ಒಂದು ದೊಡ್ಡದಾಗುತ್ತಿತ್ತು, ಇನ್ನೊಂದು ಚಿಕ್ಕದು. ಒಂದು ರಾತ್ರಿ ಶಾಲೆಯ ಗಣಿತ ನೆನಪಾಯಿತು. ವೃತ್ತದ ಸುತ್ತಳತೆ ಅಂದರೆ ವ್ಯಾಸದ 3.14 ಪಟ್ಟು. 3 ಮಿಲಿಮೀಟರ್ ಅಗಲದ ಕುಣಿಕೆ ಬೇಕಾದರೆ 9.4 ಮಿಲಿಮೀಟರ್ ತಂತಿ ಬೇಕು. ಅಷ್ಟೇ! ಆ ರಾತ್ರಿ ಹನ್ನೊಂದು ಕುಣಿಕೆ ಮಾಡಿದೆ, ಹನ್ನೊಂದೂ ಒಂದೇ ಗಾತ್ರ. ಇಕ್ಕಳದ ಮೂತಿ ತುದಿಯಲ್ಲಿ ಸಣ್ಣ, ಬುಡದಲ್ಲಿ ದಪ್ಪ. ಹಾಗಾಗಿ 3 ಮಿಲಿಮೀಟರ್ ಇರುವ ಜಾಗಕ್ಕೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದಿಟ್ಟೆ. ಗೆರೆ ಅಳಿಸಿದಾಗಲೆಲ್ಲ ಮತ್ತೆ ಎಳೆಯುತ್ತೇನೆ.

ಗಾತ್ರ ಸರಿಹೋದ ಮೇಲೆ ಇನ್ನೊಂದು ತೊಂದರೆ. ಕುಣಿಕೆ ಮಣಿಯ ನೆತ್ತಿಯ ನಟ್ಟನಡುವೆ ಕೂರಬೇಕು. ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ವಾಲಿದರೂ ಓಲೆ ನೇರ ತೂಗುವುದಿಲ್ಲ, ಕತ್ತು ಓರೆ ಮಾಡಿಕೊಂಡಂತೆ ನಿಲ್ಲುತ್ತದೆ. ಸುತ್ತಿ ಮುಗಿಸಿದ ಮೇಲೆ ಕುಣಿಕೆಯ ಬುಡವನ್ನು ಹಿಡಿದು ಒಂಚೂರು ಹಿಂದಕ್ಕೆ ಬಗ್ಗಿಸಬೇಕು. ಎಷ್ಟು ಅನ್ನುವುದನ್ನು ಬರೆಯಲು ನನಗೆ ಇವತ್ತಿಗೂ ಬರುವುದಿಲ್ಲ. ಬೆರಳಿಗೆ ಗೊತ್ತಿದೆ. ಕೆಟ್ಟ ಕುಣಿಕೆಗಳನ್ನೆಲ್ಲ ಒಂದು ಗಾಜಿನ ಬಾಟಲಿಯಲ್ಲಿ ಹಾಕಿಟ್ಟಿದ್ದೇನೆ. ಬಾಟಲಿ ಮುಕ್ಕಾಲು ತುಂಬಿದೆ. ತಾಮ್ರದವೆಲ್ಲ ಕಂದು ಬಣ್ಣಕ್ಕೆ ತಿರುಗಿವೆ. ಅಡಿಯಲ್ಲಿರುವವು ತೀರಾ ಸೊಟ್ಟ, ಮೇಲೆ ಬರುತ್ತಾ ಬರುತ್ತಾ ದುಂಡಗಾಗಿವೆ. ಅದನ್ನು ಕಿಟಕಿಯಲ್ಲಿ ಇಟ್ಟಿದ್ದೇನೆ. ನನಗೆ ಅದು ತುಂಬಾ ಇಷ್ಟ.

ಈಗ ಆ ತಪ್ಪಿನ ವಿಷಯ.

ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನ ಹುಡುಗಿಯ ಹುಟ್ಟುಹಬ್ಬ. ನನಗಿಂತ ತುಂಬಾ ಚಿಕ್ಕವಳು, ನನ್ನನ್ನು ಅಕ್ಕ ಅನ್ನುತ್ತಾಳೆ. ಅವಳಿಗೆ ಒಂದು ಜೊತೆ ಓಲೆ ಮಾಡಿಕೊಟ್ಟೆ. ಹಸಿರು ಗಾಜಿನ ಮಣಿ, ತಾಮ್ರದ ಎಲೆ. ಎಲೆಯನ್ನು ನಾನೇ ಕತ್ತರಿಸಿ, ಅರದಿಂದ ಅಂಚು ಉಜ್ಜಿ, ನರಗಳನ್ನು ಕೊರೆದಿದ್ದೆ. ಕೊಕ್ಕೆ ಮಾತ್ರ ಅಂಗಡಿಯ ಪ್ಯಾಕೆಟ್ಟಿನದು. ಬೆಳ್ಳಿ ಬಣ್ಣದ್ದು. ಬೆಳ್ಳಿಯದಲ್ಲ. ಆ ಎರಡು ಮಾತಿನ ನಡುವಿನ ಅಂತರದ ಬಗ್ಗೆ ಆಗ ನಾನು ಯೋಚಿಸಿರಲೇ ಇಲ್ಲ.

ಮೂರನೇ ದಿನ ಅವಳು ಕೂದಲು ಹಿಂದಕ್ಕೆ ಸರಿಸಿ ತೋರಿಸಿದಳು. "ಅಕ್ಕಾ, ಸ್ವಲ್ಪ ನೋಡಿ, ಕಿವಿ ತುಂಬಾ ತುರಿಸ್ತಿದೆ." ಎರಡೂ ಕಿವಿಯ ಹಾಲೆ ಕೆಂಪಗೆ ಊದಿಕೊಂಡಿತ್ತು. ತೂತಿನ ಸುತ್ತ ನೀರು ಜಿನುಗುತ್ತಿತ್ತು. ಅವಳು ಬೈಯಲಿಲ್ಲ. ಓಲೆ ಚೆನ್ನಾಗಿದೆ, ಅದಕ್ಕೇ ತೆಗೆಯಲು ಮನಸ್ಸಾಗಲಿಲ್ಲ ಅಂದಳು. ಎರಡು ದಿನ ತುರಿಕೆ ತಡೆದುಕೊಂಡು ಹಾಗೇ ಹಾಕಿಕೊಂಡಿದ್ದಳಂತೆ. ಅದು ಕೇಳಿ ನನಗೆ ಇನ್ನೂ ಸಂಕಟವಾಯಿತು.

ನೋಡಿದ ಕೂಡಲೇ ನನಗೆ ಅರ್ಥವಾಗಿತ್ತು. ನಿಕ್ಕಲ್. ಬೆವರು ತಾಕಿದರೆ ಲೋಹದಿಂದ ನಿಕ್ಕಲ್ ಸ್ವಲ್ಪ ಸ್ವಲ್ಪವಾಗಿ ಕರಗಿ ಚರ್ಮಕ್ಕೆ ಇಳಿಯುತ್ತದೆ. ಚುಚ್ಚಿದ ಕಿವಿಯಲ್ಲಂತೂ ಒಳಗಿನವರೆಗೆ ದಾರಿ ತೆರೆದೇ ಇರುತ್ತದೆ. ಅಲರ್ಜಿ ಇರುವವರಿಗೆ ತಕ್ಷಣ ಏನೂ ಆಗುವುದಿಲ್ಲ. ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬಿಟ್ಟು ಕಾಣಿಸಿಕೊಳ್ಳುತ್ತದೆ. ಒಂದು ಸಲ ಈ ಅಲರ್ಜಿ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಇದೆಲ್ಲ ನನಗೆ ಗೊತ್ತಿದ್ದ ವಿಷಯ. ಲ್ಯಾಬಿನಲ್ಲಿ ಗೊತ್ತಿದ್ದದ್ದು ಮನೆಯ ಮೇಜಿನ ಹತ್ತಿರ ನೆನಪಿಗೆ ಬರಲಿಲ್ಲ.

ಅದಾದ ಮೇಲೆ ಕಾಲೇಜಿನ ರಸಾಯನಶಾಸ್ತ್ರದ ಪ್ರಾಕ್ಟಿಕಲ್ ನೆನಪಾಯಿತು. ಡೈಮೀಥೈಲ್ ಗ್ಲೈಆಕ್ಸೈಮ್. ನಿಕ್ಕಲ್ ಇದ್ದರೆ ಗುಲಾಬಿ ಕೆಂಪು ಬಣ್ಣ ಬರುತ್ತದೆ. ಆಭರಣ ಪರೀಕ್ಷಿಸಲು ಇದೇ ರಾಸಾಯನಿಕದ ಚಿಕ್ಕ ಬಾಟಲಿ ಸಿಗುತ್ತದೆ, ಜೊತೆಗೆ ಅಮೋನಿಯಾ. ಹತ್ತಿಯ ಕಡ್ಡಿಗೆ ಎರಡನ್ನೂ ಹನಿ ಹಾಕಿ ಲೋಹದ ಮೇಲೆ ಅರ್ಧ ನಿಮಿಷ ಉಜ್ಜಬೇಕು. ಬಾಟಲಿ ತರಿಸಿ, ಆ ಪ್ಯಾಕೆಟ್ಟಿನ ಕೊಕ್ಕೆಯ ಮೇಲೆ ಉಜ್ಜಿದೆ. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿತು. ಆ ಭಾನುವಾರ ಪೂರ್ತಿ ಕೂತು ಡಬ್ಬಿಯಲ್ಲಿದ್ದ ಎಲ್ಲಾ ಕೊಕ್ಕೆ, ಎಲ್ಲಾ ಜಂಪ್ ರಿಂಗ್ (ಭಾಗಗಳನ್ನು ಜೋಡಿಸುವ ಪುಟ್ಟ ಬಳೆ), ಎಲ್ಲಾ ಸರಪಳಿ ಪರೀಕ್ಷೆ ಮಾಡಿದೆ. ಹನ್ನೆರಡು ಪ್ಯಾಕೆಟ್ಟಿನಲ್ಲಿ ಏಳು ಗುಲಾಬಿ. ಏಳನ್ನೂ ತೆಗೆದು ಹಾಕಿದೆ. ಅದಕ್ಕೂ ಮುಂಚೆ ಯಾರು ಯಾರಿಗೆ ಓಲೆ ಕೊಟ್ಟಿದ್ದೆನೋ ಅವರಿಗೆಲ್ಲ ಫೋನ್ ಮಾಡಿ, ಕೊಕ್ಕೆ ಬದಲಾಯಿಸಿಕೊಡುತ್ತೇನೆ, ತಂದುಕೊಡಿ ಅಂದೆ.

ಯುರೋಪಿನ ಒಕ್ಕೂಟದಲ್ಲಿ ಇದಕ್ಕೊಂದು ಮಿತಿ ಇದೆ. ಚುಚ್ಚಿದ ಜಾಗಕ್ಕೆ ಹಾಕುವ ಕಡ್ಡಿಯಿಂದ ಒಂದು ಚದರ ಸೆಂಟಿಮೀಟರಿಗೆ ವಾರಕ್ಕೆ 0.2 ಮೈಕ್ರೋಗ್ರಾಂಗಿಂತ ಜಾಸ್ತಿ ನಿಕ್ಕಲ್ ಹೊರಬರಬಾರದು. ಗಮನಿಸಿ, ಲೋಹದೊಳಗೆ ಎಷ್ಟು ನಿಕ್ಕಲ್ ಇದೆ ಅನ್ನುವುದಲ್ಲ, ಎಷ್ಟು ಹೊರಗೆ ಬರುತ್ತದೆ ಅನ್ನುವುದು ಲೆಕ್ಕ. 316ಎಲ್ ಅನ್ನುವ ಸ್ಟೇನ್‌ಲೆಸ್ ಉಕ್ಕಿನಲ್ಲಿ ನಿಕ್ಕಲ್ ಶೇಕಡಾ 10ರಿಂದ 14ರಷ್ಟು ಇರುತ್ತದೆ. ಆದರೆ ಅದರಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ಒಂದು ತೆಳು ಪದರ ಕಟ್ಟುತ್ತದೆ, ಹಾಗಾಗಿ ನಿಕ್ಕಲ್ ಹೊರಬರುವುದು ತುಂಬಾ ಕಡಿಮೆ. ಇನ್ನು ಜರ್ಮನ್ ಸಿಲ್ವರ್ ಅಂತ ಕರೆಯುವುದರಲ್ಲಿ ಬೆಳ್ಳಿಯೇ ಇರುವುದಿಲ್ಲ. ತಾಮ್ರ, ನಿಕ್ಕಲ್, ಸತು, ಅಷ್ಟೇ. ಹೆಸರು ಕೇಳಿ ಎಷ್ಟು ಜನ ಅದನ್ನು ಕಿವಿಗೆ ಹಾಕಿಕೊಳ್ಳುತ್ತಾರೋ ನೆನೆದರೆ ನನಗೆ ಬೇಜಾರಾಗುತ್ತದೆ. ಮಾರುವವರು ಚೀಟಿಯಲ್ಲಿ ಒಂದು ಸಾಲು ಬರೆದರೆ ಸಾಕಿತ್ತು.

ಏಳು ದಿನ ತೊಟ್ಟು ನೋಡುವ ನಿಯಮ ಬಂದದ್ದು ಹೀಗೆ. ಅವತ್ತಿನಿಂದ ಕೊಕ್ಕೆಗಳನ್ನೂ ನಾನೇ ಮಾಡುತ್ತೇನೆ. 925 ಬೆಳ್ಳಿಯ ತಂತಿ, ಅಂದರೆ ಶೇಕಡಾ 92.5 ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಬೆಳ್ಳಿಯೂ ಆಗದವರಿಗೆ ಟೈಟಾನಿಯಂ ಅಥವಾ ನಿಯೋಬಿಯಂ. ಆ ಹುಡುಗಿಯ ಕಿವಿ ಎರಡು ವಾರದಲ್ಲಿ ವಾಸಿಯಾಯಿತು. ಹಸಿರು ಮಣಿಯ ಓಲೆಗೆ ನಿಯೋಬಿಯಂ ಕೊಕ್ಕೆ ಹಾಕಿಕೊಟ್ಟೆ. ಈಗಲೂ ಹಾಕಿಕೊಂಡು ಬರುತ್ತಾಳೆ. ಬಂದಾಗಲೆಲ್ಲ ನಾನು ಮೊದಲು ನೋಡುವುದು ಎಲೆಯನ್ನಲ್ಲ, ಅವಳ ಕಿವಿಯ ಬಣ್ಣವನ್ನು.

ಕೊಕ್ಕೆ ಮಾಡಲು ಶುರು ಮಾಡಿದ ಮೇಲೆ ತಂತಿಯ ಲೋಕ ಬೇರೆಯೇ ಅಂತ ಗೊತ್ತಾಯಿತು. ಮೊದಲ ಗೊಂದಲ ಗೇಜ್‌ನದು. ಗೇಜ್ ಅಂದರೆ ತಂತಿಯ ದಪ್ಪ ಹೇಳುವ ಸಂಖ್ಯೆ. ಸಂಖ್ಯೆ ದೊಡ್ಡದಾದಷ್ಟೂ ತಂತಿ ಸಣ್ಣ. ಪುಟ್ಟ ಗಾಜಿನ ಮಣಿಗಳಲ್ಲೂ ಹೀಗೇ. 11/0 ಅಂದರೆ ಸುಮಾರು 2 ಮಿಲಿಮೀಟರ್, 15/0 ಅಂದರೆ ಅದಕ್ಕಿಂತ ಚಿಕ್ಕದು, ಸುಮಾರು 1.5. ಇದು ಹೇಗೋ ಅಭ್ಯಾಸವಾಯಿತು. ಆದರೆ ಒಂದು ಸಲ ಎರಡು ಕಡೆಯಿಂದ ತರಿಸಿದ ಎರಡು ಸುರುಳಿ, ಎರಡರ ಮೇಲೂ 20 ಗೇಜ್ ಅಂತ ಬರೆದಿತ್ತು. ಒಂದು ಮಣಿಯೊಳಗೆ ಹೋಗುತ್ತಿತ್ತು, ಇನ್ನೊಂದು ಹೋಗುತ್ತಿರಲಿಲ್ಲ. ವರ್ನಿಯರ್‌ನಲ್ಲಿ ಅಳೆದರೆ ಒಂದು 0.81 ಮಿಲಿಮೀಟರ್, ಇನ್ನೊಂದು 0.91. ಅಮೆರಿಕದ ಗೇಜ್ ಬೇರೆ, ಬ್ರಿಟಿಷ್ ಗೇಜ್ ಬೇರೆ. ಅಂದಿನಿಂದ ನೋಟ್‌ಬುಕ್ಕಿನಲ್ಲಿ ಗೇಜ್ ಬರೆಯುವುದನ್ನೇ ಬಿಟ್ಟೆ. ಮಿಲಿಮೀಟರ್ ಮಾತ್ರ. ನನ್ನ ಬಳಿ ಕೇಳಿಕೊಂಡು ಮಾಡುವವರಿಗೂ ಮಿಲಿಮೀಟರಿನಲ್ಲೇ ಹೇಳುತ್ತೇನೆ.

ಎರಡನೆಯದು, ತಟ್ಟುವುದು. ಇದರ ಬಗ್ಗೆ ನಾನು ಗಂಟೆಗಟ್ಟಲೆ ಮಾತಾಡಬಲ್ಲೆ. ಹೊಸ ತಂತಿ ಮೆತ್ತಗಿರುತ್ತದೆ, ಹೇಳಿದಂತೆ ಬಗ್ಗುತ್ತದೆ. ಬಗ್ಗಿಸಿದಷ್ಟೂ, ತಟ್ಟಿದಷ್ಟೂ ಗಟ್ಟಿಯಾಗುತ್ತಾ ಹೋಗುತ್ತದೆ. ಲೋಹದೊಳಗೆ ಪರಮಾಣುಗಳು ಸಾಲುಸಾಲಾಗಿ ಕೂತಿರುತ್ತವೆ. ಸಾಲಿನಲ್ಲಿ ಅಲ್ಲಲ್ಲಿ ಇರುವ ದೋಷಗಳು ಸುಲಭವಾಗಿ ಜಾರುವುದರಿಂದಲೇ ಲೋಹ ಬಗ್ಗುವುದು. ಬಗ್ಗಿಸುತ್ತಾ ಹೋದರೆ ದೋಷಗಳು ಜಾಸ್ತಿಯಾಗಿ, ಒಂದಕ್ಕೊಂದು ಅಡ್ಡ ಬಂದು, ಜಾರಲು ಜಾಗವೇ ಇಲ್ಲದಂತಾಗುತ್ತದೆ. ಆಗ ತಂತಿ ಬಿಗಿಯುತ್ತದೆ. ಅದಕ್ಕೂ ಮೀರಿ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಮುರಿಯುವ ಮುಂಚೆ ಬೆಂಕಿಯಲ್ಲಿ ಮಂದ ಕೆಂಪು ಕಾಣುವವರೆಗೆ ಕಾಸಿದರೆ ಸಾಲುಗಳು ಮತ್ತೆ ಸರಿಯಾಗಿ ಕೂರುತ್ತವೆ, ತಂತಿ ಮೆತ್ತಗಾಗುತ್ತದೆ. ತಾಮ್ರವನ್ನು ಕಾಸಿ ಕೂಡಲೇ ನೀರಿಗೆ ಅದ್ದಿದರೂ ಮೆತ್ತಗೇ ಇರುತ್ತದೆ. ಉಕ್ಕಿನಂತೆ ಗಟ್ಟಿಯಾಗುವುದಿಲ್ಲ. ಮೊದಲ ಸಲ ಇದನ್ನು ಮಾಡಿದಾಗ, ಈಗಷ್ಟೇ ಹಟ ಮಾಡುತ್ತಿದ್ದ ತಂತಿ ಬೆರಳಿನಲ್ಲಿ ದಾರದಂತೆ ಬಗ್ಗಿತು. ನಾನು ಸುಮ್ನೆ ಎಷ್ಟೋ ಹೊತ್ತು ಅದನ್ನು ಬಗ್ಗಿಸುತ್ತಾ ಕೂತಿದ್ದೆ.

ಕೊಕ್ಕೆಯಲ್ಲಿ ತಟ್ಟಬೇಕಾದ ಜಾಗ ಮೇಲಿನ ತಿರುವು ಮಾತ್ರ. ಅದೇ ಇಡೀ ಓಲೆಯ ಭಾರ ಹೊರುವುದು. ಕಿವಿಯೊಳಗೆ ಹೋಗುವ ತುದಿಯನ್ನು ತಟ್ಟಬಾರದು, ತಟ್ಟಿದರೆ ಚಪ್ಪಟೆಯಾಗಿ ಅಂಚು ಬರುತ್ತದೆ. ಆ ತುದಿಯನ್ನು ಅರದಿಂದ ದುಂಡಗೆ ಉಜ್ಜಿ, ಒಳಗಿನ ಕೆನ್ನೆಗೆ ಒತ್ತಿ ನೋಡುತ್ತೇನೆ. ಅಲ್ಲಿಗೆ ಚುಚ್ಚದಿದ್ದರೆ ಕಿವಿಗೂ ಚುಚ್ಚುವುದಿಲ್ಲ.

ಒಬ್ಬರು ಒಂದೇ ತರಹದ ಇಪ್ಪತ್ತು ಜೊತೆ ಓಲೆ ಬೇಕು ಅಂದಿದ್ದರು. ಒಪ್ಪಿಕೊಂಡೆ, ಮಾಡಿಯೂ ಕೊಟ್ಟೆ. ಹನ್ನೆರಡನೇ ಜೊತೆಯ ಹೊತ್ತಿಗೆ ಕೈ ಓಡುತ್ತಿತ್ತು, ಕಣ್ಣು ನೋಡುತ್ತಿರಲಿಲ್ಲ. ಮೂರು ಕುಣಿಕೆ ಬಿಚ್ಚಿ ಮತ್ತೆ ಮಾಡಬೇಕಾಯಿತು. ಆಮೇಲೆ ಅಂಥ ಕೆಲಸ ಒಪ್ಪಿಕೊಂಡಿಲ್ಲ. ಮಾಡಿ ಮಾರುವವರ ಮೇಲೆ ನನಗೆ ತುಂಬಾ ಗೌರವವಿದೆ. ನನಗೆ ಒಂದೊಂದನ್ನೇ ಮಾಡುವುದು, ತೊಟ್ಟು ನೋಡುವುದು ಇಷ್ಟ.

ತೊಟ್ಟು ನೋಡುವುದರಿಂದ ನನಗೆ ಸವೆತ ಓದುವುದು ಬಂತು. ಜಂಪ್ ರಿಂಗ್ ಎಲ್ಲಿ ತೆಳುವಾಗುತ್ತದೆ, ಸರಪಳಿಯ ಯಾವ ಕೊಂಡಿ ಮೊದಲು ಹೊಳಪು ಕಳೆದುಕೊಳ್ಳುತ್ತದೆ, ಮಣಿಯ ತೂತಿನ ಅಂಚು ದಾರವನ್ನು ಹೇಗೆ ಕೊಯ್ಯುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಎಲ್ಲಾ ಕಾಣುತ್ತದೆ. ಮೊರಾಕ್ಕೊ ದೇಶದ ಬಿಜ್ಮೂನ್ ಗುಹೆಯಲ್ಲಿ 33 ಚಿಪ್ಪಿನ ಮಣಿಗಳು ಸಿಕ್ಕಿವೆ. ಅವು 1,42,000ದಿಂದ 1,50,000 ವರ್ಷ ಹಳೆಯವು ಅಂತ 2021ರಲ್ಲಿ ಸಂಶೋಧಕರು ಪ್ರಕಟಿಸಿದರು. ಅವನ್ನು ಯಾರೋ ಮೈಮೇಲೆ ಧರಿಸಿದ್ದರು ಅಂತ ತಿಳಿದದ್ದು ಹೇಗೆ ಗೊತ್ತಾ? ಸವೆತದಿಂದ. ದಾರಕ್ಕೆ, ಬಟ್ಟೆಗೆ, ಮೈಗೆ ಉಜ್ಜಿ ಉಜ್ಜಿ ತೂತಿನ ಸುತ್ತ ನಯವಾಗಿತ್ತು. ಅದನ್ನು ಓದಿದ ರಾತ್ರಿ ನನ್ನ ಹಳೆಯ ಮಾದರಿಗಳನ್ನೆಲ್ಲ ಹೊರಗೆ ತೆಗೆದು ಒಂದೊಂದನ್ನೇ ದೀಪದ ಕೆಳಗೆ ನೋಡಿದೆ. ಒಂದು ವರ್ಷ ತೊಟ್ಟ ಓಲೆಯಲ್ಲಿ, ಕುಣಿಕೆ ಕೊಕ್ಕೆಗೆ ತಾಗುವ ಜಾಗದಲ್ಲಿ, ಒಂದು ಸಣ್ಣ ಹೊಳೆಯುವ ತಗ್ಗು. ಉಗುರಿಗೆ ಸಿಗುವುದಿಲ್ಲ, ಕಣ್ಣಿಗೆ ಸಿಗುತ್ತದೆ. ಅದು ನನ್ನ ನಡಿಗೆ ಮಾಡಿದ ಗುರುತು.

ಈ ಸವೆತದ ವಿಷಯ ಅಮ್ಮನ ಮುತ್ತಿನ ಸರದ ಹತ್ತಿರ ಬಂದು ನಿಂತಿತು.

ಅಮ್ಮನ ಸರದ ದಾರ ಹರಿದು ವರ್ಷಗಳಾಗಿದ್ದವು. ಬಿದ್ದ ಮುತ್ತುಗಳನ್ನೆಲ್ಲ ಆರಿಸಿ ಒಂದು ಚಿಕ್ಕ ಡಬ್ಬಿಯಲ್ಲಿ ಇಟ್ಟಿದ್ದಳು. ಹೋದ ತಿಂಗಳು ಡಬ್ಬಿ ತಂದು ನನ್ನ ಮೇಜಿನ ಮೇಲೆ ಇಟ್ಟು, "ನಿನಗೆ ಪುರುಸೊತ್ತಾದಾಗ ನೋಡೇ" ಅಂದಳು. ಎಣಿಸಿದೆ. ಅರವತ್ತೇಳು. ಒಂದೊಂದೂ ಸುಮಾರು 5 ಮಿಲಿಮೀಟರ್. ಹಲ್ಲಿಗೆ ಮೆಲ್ಲಗೆ ಉಜ್ಜಿದರೆ ಸಣ್ಣ ಮರಳಿನಂತೆ ತರಿತರಿ. ನಿಜವಾದ ಮುತ್ತು.

ಹಿಂದೆ ಪೋಣಿಸಿದವರು ಗಂಟು ಹಾಕಿರಲಿಲ್ಲ. ಮುತ್ತಿನ ಪಕ್ಕ ಮುತ್ತು, ಹಾಗೇ ಸಾಲಾಗಿ. ಮುತ್ತು ಗಟ್ಟಿ ವಸ್ತುವಲ್ಲ. ಅದು ಹೆಚ್ಚಿನಂಶ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕಲ್ಲಿನಲ್ಲಿರುವುದೇ. ಹುಳಿ ತಾಕಿದರೆ ಕರಗುತ್ತದೆ, ಸೆಂಟು ಬಿದ್ದರೆ ಮಂಕಾಗುತ್ತದೆ, ಒಂದಕ್ಕೊಂದು ಉಜ್ಜಿದರೆ ಸವೆಯುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ತೂತಿನ ಸುತ್ತ ಹೊಳಪಿನ ಪದರ ಸವೆದು ಬಿಳಿ ಬಿಳಿಯಾಗಿತ್ತು. ಕೆಲವು ಮುತ್ತುಗಳ ಒಂದು ಬದಿ ಪೂರ್ತಿ ಮಂಕು. ಬೆವರಿನ ಕೆಲಸ.

ಗಂಟು ಹಾಕಿ ಪೋಣಿಸುವುದು ಅಂತ ತೀರ್ಮಾನಿಸಿದೆ. ಪ್ರತಿ ಎರಡು ಮುತ್ತಿನ ನಡುವೆ ಒಂದು ಗಂಟು. ಆಗ ಒಂದಕ್ಕೊಂದು ತಾಗುವುದಿಲ್ಲ. ದಾರ ಹರಿದರೂ ಒಂದೇ ಮುತ್ತು ಬೀಳುತ್ತದೆ, ಉಳಿದವು ಅಲ್ಲೇ ನಿಲ್ಲುತ್ತವೆ. ರೇಷ್ಮೆ ದಾರ ತೆಗೆದುಕೊಂಡೆ. ಮುತ್ತುಗಳನ್ನು ಮೆದು ಸೋಪಿನ ನೀರಿನಲ್ಲಿ ತೊಳೆದು ಬಟ್ಟೆಯ ಮೇಲೆ ಒಣಗಿಸಿದೆ. ಗಂಟನ್ನು ಮುತ್ತಿನ ಬುಡಕ್ಕೆ ತಂದು ಕೂರಿಸುವುದೇ ಕಷ್ಟದ ಭಾಗ. ಗಂಟಿನ ಕುಣಿಕೆಯೊಳಗೆ ಚಿಮಟದ ತುದಿ ತೂರಿಸಿ, ಮುತ್ತಿಗೆ ಒತ್ತಿ ದಾರ ಹಿಡಿದು, ಕುಣಿಕೆಯನ್ನು ಚಿಮಟದ ಮೇಲೆ ಬಿಗಿಯಾಗಲು ಬಿಟ್ಟು, ಕೊನೆಯ ಗಳಿಗೆಯಲ್ಲಿ ಚಿಮಟ ಹಿಂದಕ್ಕೆ ಎಳೆಯಬೇಕು. ಗಂಟು ಮುತ್ತಿನಿಂದ ಒಂದು ಕೂದಲೆಳೆ ದೂರ ಬಿಗಿದರೂ ಆಯಿತು, ಬಿಚ್ಚುವುದು ಅಸಾಧ್ಯ. ಮೊದಲು ಬೇರೆ ಮಣಿಗಳ ಮೇಲೆ ಮೂರು ರಾತ್ರಿ ಅಭ್ಯಾಸ ಮಾಡಿದೆ.

ಅಭ್ಯಾಸ ಮಾಡುವಾಗ ಒಂದು ಲೆಕ್ಕ ಹೊಳೆಯಿತು. ಒಂದೊಂದು ಗಂಟು 0.6 ಮಿಲಿಮೀಟರ್ ಜಾಗ ತಿನ್ನುತ್ತದೆ. ಅರವತ್ತೇಳು ಮುತ್ತಿಗೆ ಸುಮಾರು 4 ಸೆಂಟಿಮೀಟರ್. ಸರ ಅಷ್ಟು ಉದ್ದವಾಗುತ್ತದೆ. ಅಮ್ಮನಿಗೆ ಹೇಳಿದೆ. ಅವಳು ಬೆರಳನ್ನು ಕತ್ತಿನ ಕೆಳಗೆ ಒಂದು ಜಾಗದಲ್ಲಿಟ್ಟು, "ಇಲ್ಲಿಗೇ ಬರಬೇಕು. ಇದಕ್ಕಿಂತ ಕೆಳಗೆ ಬೇಡ" ಅಂದಳು. ಎಷ್ಟು ವರ್ಷವಾದರೂ ಸರ ಕೂರುತ್ತಿದ್ದ ಜಾಗ ಅವಳಿಗೆ ನೆನಪಿತ್ತು.

ಹಾಗಾದರೆ ಎಂಟು ಮುತ್ತು ಬಿಡಬೇಕು. ನನಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಜಾಸ್ತಿ ಸವೆದ ಎಂಟನ್ನು ಆರಿಸಿ ಪಕ್ಕಕ್ಕಿಟ್ಟೆ. ಉಳಿದವು ದೀಪದ ಕೆಳಗೆ ಚೆನ್ನಾಗಿ ಹೊಳೆಯುತ್ತಿದ್ದವು. ಅಮ್ಮ ಬಂದು ನನ್ನ ಪಕ್ಕ ನಿಂತಳು.

"ಇವೇನು?"

"ಇವು ಸವೆದಿವೆ ಅಮ್ಮ. ಇವನ್ನ ಬಿಡ್ತೀನಿ."

ಅವಳು ಕನ್ನಡಕ ಹಾಕಿಕೊಂಡು, ಒಂದನ್ನು ಎತ್ತಿ ಬೆರಳ ನಡುವೆ ತಿರುಗಿಸಿದಳು. "ಇವು ನನ್ನ ಕುತ್ತಿಗೆಗೇ ಉಜ್ಜಿ ಹೀಗಾಗಿದ್ದು. ಇವನ್ನೇ ತೆಗೆದರೆ ಹೇಗೆ? ಬೇರೆ ಎಂಟು ತೆಗಿ."

ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಭೂತಗನ್ನಡಿಯಡಿ ಸವೆತ ಹುಡುಕುವವಳು ನಾನೇ. ಸವೆದದ್ದನ್ನು ಮೊದಲು ಪಕ್ಕಕ್ಕಿಟ್ಟವಳೂ ನಾನೇ. ಆ ಎಂಟನ್ನೂ ವಾಪಸ್ ತಟ್ಟೆಗೆ ಹಾಕಿದೆ. ಬಿಡಬೇಕಾದ ಎಂಟನ್ನು ಅಮ್ಮನೇ ಆರಿಸಿದಳು. ಎಲ್ಲಾ ಹೊಳೆಯುವವೇ.

ಪೋಣಿಸಲು ನಾಲ್ಕು ರಾತ್ರಿ ಹಿಡಿಯಿತು. ಐವತ್ತೊಂಬತ್ತು ಮುತ್ತು. ನಲವತ್ತೆರಡನೇ ಗಂಟು ಸ್ವಲ್ಪ ದೂರ ಬಿಗಿಯಿತು, ಅಲ್ಲಿ ಕಣ್ಣಿಟ್ಟು ನೋಡಿದರೆ ಸಣ್ಣ ಸಂದು ಕಾಣುತ್ತದೆ. ಬಿಚ್ಚಲು ಹೋಗಲಿಲ್ಲ. ರೇಷ್ಮೆ ಕಿತ್ತುಹೋಗುತ್ತಿತ್ತು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಸರ ಅಮ್ಮ ತೋರಿಸಿದ ಜಾಗಕ್ಕೇ ಬಂದು ಕೂತಿತು.

ಉಳಿದ ಎಂಟರಲ್ಲಿ ಎರಡನ್ನು ಓಲೆ ಮಾಡಿಕೊಡು ಅಂದಿದ್ದಾಳೆ. ಅವಳ ಕಿವಿಯ ತೂತು ವರ್ಷಗಟ್ಟಲೆ ಭಾರದ ಓಲೆ ಹಾಕಿ ಉದ್ದಕ್ಕೆ ಜಗ್ಗಿದೆ. ಆದ್ದರಿಂದ ಹಗುರ ಇರಬೇಕು. ಮುತ್ತಿನ ತೂತು 0.7 ಮಿಲಿಮೀಟರ್, ಹಾಗಾಗಿ 0.5ರ ಬೆಳ್ಳಿ ತಂತಿಯ ಹೆಡ್ ಪಿನ್. ಕುಣಿಕೆಯ ಬುಡಕ್ಕೆ ಎರಡು ಸುತ್ತು, ಬಿಚ್ಚಿಕೊಳ್ಳದ ಹಾಗೆ. ಉಳಿದದ್ದು ಕೊಕ್ಕೆ. ಅವಳು ಓಲೆ ತೆಗೆಯುವಾಗ ನೋಡಿಕೊಂಡು ತೆಗೆಯುವುದಿಲ್ಲ, ಸುಮ್ನೆ ಎಳೆಯುತ್ತಾಳೆ. ತೆಳು ತಂತಿಯ ಕೊಕ್ಕೆ ಅದನ್ನು ತಡೆಯುತ್ತದಾ, ತಟ್ಟಿದರೆ ಸಾಕಾ, ಇನ್ನೂ ದಪ್ಪ ಬೇಕಾ, ಅದನ್ನು ನೋಡಲೆಂದೇ ಈ ವಾರ ನನ್ನ ಕಿವಿಯಲ್ಲಿ ಈ ಎರಡು ನೀಲಿ ಮಣಿ ಇರುವುದು.

ಇನ್ನು ಎರಡು ದಿನ ಬಾಕಿ. ಇವತ್ತು ಸಂಜೆ ಮಾಸ್ಕ್ ತೆಗೆಯುವಾಗ ಬಲಗಿವಿಯ ಓಲೆ ಎಲಾಸ್ಟಿಕ್ಕಿಗೆ ಸಿಕ್ಕಿಕೊಂಡು ಕೈಗೇ ಬಂತು. ಎಡಗಿವಿಯದು ಇನ್ನೂ ಹಾಗೇ ಇದೆ.